ಹಾಲು ಪರೀಕ್ಷೆಗೆ ಕಳಿಸುವ ಮುನ್ನ ಮೇವಿನ ಜಾಡು ಹಿಡಿಯಿರಿ

ಓದುಗರ ಪ್ರಶ್ನೆ – ತಜ್ಞರ ಉತ್ತರ

ಹಾಲಿಗೆ ನೀರು, ಯೂರಿಯಾ, ಸಕ್ಕರೆ ಬೆರೆಸುವುದರ ಬಗ್ಗೆ ಈ ಅಂಕಣದಲ್ಲಿ ಹಿಂದೆ ಬರೆದಿದ್ದೇವೆ. ಈ ಸಲದ ಪತ್ರಗಳ ವಿಷಯ ಬೇರೆ. ಯಾರೂ ಬೇಕೆಂದು ಬೆರೆಸದ, ಮಣ್ಣು, ನೀರು, ಮೇವಿನ ಮೂಲಕ ಹಸುವಿನ ಮೈ ಸೇರಿ ಸುಲಭಕ್ಕೆ ನಾಶವಾಗದೆ ಉಳಿಯುವ ರಾಸಾಯನಿಕಗಳ ಬಗ್ಗೆ ಓದುಗರು ಕೇಳಿದ್ದಾರೆ. ಪಶು ಆಹಾರ ಮತ್ತು ಆಹಾರ ವಿಶ್ಲೇಷಣೆಯಲ್ಲಿ ಕೆಲಸ ಮಾಡುವ ನಮ್ಮ ತಜ್ಞರ ಬಳಗ ಉತ್ತರಿಸಿದೆ.

ಪ್ರಶ್ನೆ: ಹಾಲನ್ನು ಮೂರು ಸಲ ಉಕ್ಕಿಸಿದರೆ ಕೀಟನಾಶಕದ ಅಂಶ ಹೋಗುತ್ತದೆ ಎನ್ನುತ್ತಾರೆ. ನಿಜವೇ? ಕೆನೆ ತೆಗೆದು ಕೊಟ್ಟರೆ ಮಕ್ಕಳಿಗೆ ಒಳ್ಳೆಯದೇ? — ಗೃಹಿಣಿ, ರಾಜಾಜಿನಗರ

ಹೋಗುವುದಿಲ್ಲ. ಕುದಿಸುವುದರಿಂದ ಸಾಯುವುದು ರೋಗಾಣು. ಡಿಡಿಟಿ ಕೀಟನಾಶಕ, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ, ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್‌ನಂಥವು ಒಲೆಯ ಶಾಖಕ್ಕೆ ಜಗ್ಗುವುದಿಲ್ಲ. ಡಯಾಕ್ಸಿನ್ ಸಂಪೂರ್ಣ ನಾಶವಾಗಲು 800 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಡೇರಿಯಲ್ಲಿ 72 ಡಿಗ್ರಿಗೆ 15 ಸೆಕೆಂಡ್ ಪಾಶ್ಚರೀಕರಿಸಿದರೂ ಇವು ಹಾಗೇ ಉಳಿಯುತ್ತವೆ. ಮತ್ತೆ ಮತ್ತೆ ಕುದಿಸಿದರೆ ನೀರು ಆವಿಯಾಗಿ ಹಾಲು ಗಟ್ಟಿಯಾಗುತ್ತದೆ, ಅಷ್ಟೇ.

ಕೆನೆಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ವಸ್ತು ಹಾಲಿನ ಯಾವ ಭಾಗವನ್ನು ಹಿಡಿದು ಕೂರುತ್ತದೆ ಎಂಬುದನ್ನು ಮೊದಲು ನೋಡಬೇಕು. ಡಿಡಿಟಿ, ಎಚ್‌ಸಿಎಚ್ (ನಮ್ಮ ರೈತರು ಬಿಎಚ್‌ಸಿ ಪುಡಿ ಎನ್ನುವುದು), ಪಿಸಿಬಿ, ಡಯಾಕ್ಸಿನ್ ಇವೆಲ್ಲ ಕೊಬ್ಬಿನಲ್ಲಿ ಕರಗುವಂಥವು. ಕೆನೆ ತೆಗೆದರೆ ಇವುಗಳ ಬಹುಪಾಲು ಕೆನೆಯ ಜೊತೆ ಹೋಗಿ ಬೆಣ್ಣೆ, ತುಪ್ಪ ಸೇರುತ್ತದೆ. ಶೇ. 4 ಕೊಬ್ಬಿರುವ ಸುಮಾರು 25 ಲೀಟರ್ ಹಾಲಿನ ಕೊಬ್ಬು ಒಂದು ಕಿಲೋ ತುಪ್ಪವಾಗುತ್ತದೆ, ಆ 25 ಲೀಟರಿನ ಶೇಷವೂ (ಉಳಿದ ರಾಸಾಯನಿಕವೂ) ಅದರೊಳಗೇ ಇರುತ್ತದೆ. ಆದರೆ ಬೂಷ್ಟು ಹಿಡಿದ ಹಿಂಡಿಯಿಂದ ಬರುವ ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಹಾಲಿನ ಕೇಸೀನ್ ಎಂಬ ಪ್ರೋಟೀನಿಗೆ ಅಂಟುತ್ತದೆ. ಕೆನೆ ತೆಗೆದರೂ ಅದು ಹಾಲಲ್ಲೇ ಉಳಿಯುತ್ತದೆ. ಪನೀರು ಮಾಡಿದರೆ ಹಾಲಿಗಿಂತ ಮೂರು ನಾಲ್ಕು ಪಟ್ಟು ಸಾಂದ್ರವಾಗುತ್ತದೆ. ನಾನ್‌ಸ್ಟಿಕ್ ಪಾತ್ರೆಯ ಲೇಪನಕ್ಕೆ ಸಂಬಂಧಿಸಿದ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳು ಕೂಡ ಕೊಬ್ಬಿಗಿಂತ ಪ್ರೋಟೀನಿಗೇ ಹತ್ತಿರ.

ಹಾಗಾಗಿ ಮನೆಯ ಮಟ್ಟದಲ್ಲಿ ಎಲ್ಲವನ್ನೂ ಕಳೆಯುವ ಉಪಾಯವಿಲ್ಲ. ಈ ಭಯಕ್ಕೆ ಮಕ್ಕಳ ಹಾಲು ನಿಲ್ಲಿಸಬೇಡಿ. ಎದೆಹಾಲಿನಲ್ಲೂ ಈ ಶೇಷಗಳು ಇರಬಹುದು ಎಂಬುದು ಗೊತ್ತಿದ್ದೇ ವಿಶ್ವ ಆರೋಗ್ಯ ಸಂಸ್ಥೆ ಎದೆಹಾಲನ್ನು ಒತ್ತಿ ಶಿಫಾರಸು ಮಾಡುತ್ತದೆ. ಸರಿಪಡಿಸಬೇಕಾದ ಜಾಗ ಕೊಟ್ಟಿಗೆ, ಅಡುಗೆಮನೆಯಲ್ಲ.

ಪ್ರಶ್ನೆ: ನಮ್ಮ ಸಂಘದ ಹಾಲನ್ನು ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದೆವು. ‘ಒಟ್ಟು ಡಿಡಿಟಿ 0.90 ಮಿ.ಗ್ರಾಂ/ಕೆಜಿ, ಕೊಬ್ಬಿನ ಆಧಾರದಲ್ಲಿ’ ಎಂದು ವರದಿ ಬಂದಿದೆ. ಅಂತಾರಾಷ್ಟ್ರೀಯ ಮಿತಿ 0.02 ಎಂದು ಓದಿ ಎಲ್ಲರೂ ಗಾಬರಿಯಾಗಿದ್ದಾರೆ. 45 ಪಟ್ಟು ಹೆಚ್ಚೇ? — ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಮಾಗಡಿ ತಾಲ್ಲೂಕು

45 ಪಟ್ಟು ಅಲ್ಲ. ನೀವು ಎರಡು ಬೇರೆ ಬೇರೆ ಅಳತೆಗಳನ್ನು ಪಕ್ಕಪಕ್ಕ ಇಟ್ಟಿದ್ದೀರಿ. ವರದಿಯ 0.90 ಒಂದು ಕಿಲೋ ಕೊಬ್ಬಿನ ಲೆಕ್ಕ. ಅಂತಾರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್‌ನ 0.02 ಒಂದು ಕಿಲೋ ಹಾಲಿನ ಲೆಕ್ಕ. ವರದಿಯಲ್ಲಿ ಹಾಲಿನ ಕೊಬ್ಬು ಶೇ. 4.0 ಎಂದಿದ್ದರೆ 0.90ನ್ನು 4ರಿಂದ ಗುಣಿಸಿ 100ರಿಂದ ಭಾಗಿಸಿ: ಹಾಲಿನ ಲೆಕ್ಕದಲ್ಲಿ 0.036 ಮಿ.ಗ್ರಾಂ. ಇದು ಕೋಡೆಕ್ಸ್ ಮಿತಿಯ ಎರಡು ಪಟ್ಟಿನೊಳಗಿದೆ. ಭಾರತದ 2011ರ ಆಹಾರ ಸುರಕ್ಷತಾ ನಿಯಮಾವಳಿ ಹಾಲಿಗೆ ಕೊಟ್ಟ ಮಿತಿ ಕೊಬ್ಬಿನ ಆಧಾರದಲ್ಲಿ 1.25. ಅದರ ಪ್ರಕಾರ ನಿಮ್ಮ ಹಾಲು ಮಿತಿಯೊಳಗೇ ಇದೆ. ಆ ನಿಯಮಕ್ಕೆ ತಿದ್ದುಪಡಿಗಳು ಬರುತ್ತಿರುತ್ತವೆ, ಕಾನೂನಿನ ಮಾತು ಬಂದಾಗ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ ಇತ್ತೀಚಿನ ಪಟ್ಟಿಯನ್ನೇ ನೋಡಿ. ವರದಿಯಲ್ಲಿ ಕೊಬ್ಬಿನ ಶೇಕಡಾವಾರು ಬರೆದೇ ಇಲ್ಲದಿದ್ದರೆ ಪ್ರಯೋಗಾಲಯವನ್ನು ಕೇಳಿ ಪಡೆಯಿರಿ. ಅದಿಲ್ಲದೆ ಆ ಅಂಕಿಯನ್ನು ಹಾಲಿನ ಲೆಕ್ಕದ ಮಿತಿಯೊಂದಿಗೆ ಹೋಲಿಸಲಾಗದು.

ಮಿತಿಯೊಳಗಿದೆ ಎಂದು ವರದಿಯನ್ನು ಕಡತಕ್ಕೆ ಸೇರಿಸಿ ಸುಮ್ಮನಾಗಬೇಡಿ. ‘ಒಟ್ಟು’ ಎಂಬ ಪದದ ಕೆಳಗೆ ಡಿಡಿಟಿ, ಡಿಡಿಇ, ಡಿಡಿಡಿ ಎಂದು ಬೇರೆ ಬೇರೆ ಅಂಕಿಗಳಿರುತ್ತವೆ. ಡಿಡಿಟಿ ಕಾಲಕ್ರಮೇಣ ಡಿಡಿಇ ಆಗಿ ಬದಲಾಗುತ್ತದೆ. 0.90ರಲ್ಲಿ 0.70 ಡಿಡಿಇ ಇದ್ದರೆ ಅದು ಹಳೆಯ ಶೇಷ: ಮಣ್ಣಿನಲ್ಲಿ ದಶಕಗಳಿಂದ ಉಳಿದದ್ದು. ಡಿಡಿಟಿಯೇ ಹೆಚ್ಚಿದ್ದರೆ ಯಾರೋ ಇತ್ತೀಚೆಗೆ ಬಳಸಿದ್ದಾರೆ ಎಂದು ಅನುಮಾನಿಸಬೇಕು. ಕೃಷಿಯಲ್ಲಿ ಡಿಡಿಟಿ ಬಳಕೆ 1989ರಲ್ಲೇ ನಿಷೇಧವಾಯಿತು, ಸೊಳ್ಳೆ ನಿಯಂತ್ರಣಕ್ಕೆ ಮಾತ್ರ ಅನುಮತಿ ಉಳಿಯಿತು. ಕೊಟ್ಟಿಗೆಯ ಗೋಡೆಗೆ, ಮೇವಿನ ಕೋಣೆಗೆ ಹೊಡೆಯಲಾಗಿದೆಯೇ ವಿಚಾರಿಸಿ.

ಎಚ್‌ಸಿಎಚ್‌ನಲ್ಲೂ ಹೀಗೇ ಓದಬಹುದು. ಹಳೆಯ ಬಿಎಚ್‌ಸಿ ಪುಡಿಯಲ್ಲಿ ಆಲ್ಫಾ ರೂಪವೇ ಶೇ. 60–70, ಗ್ಯಾಮಾ ಶೇ. 10–15. ಲಿಂಡೇನ್ ಎಂಬ ಕೀಟನಾಶಕ ಬಹುತೇಕ ಶುದ್ಧ ಗ್ಯಾಮಾ. ಹಾಲಿನಲ್ಲಿ ಬೀಟಾ ರೂಪವೇ ಮುಂದಿದ್ದರೆ ಅದು ಹಳೆಯದು, ಏಕೆಂದರೆ ಎಲ್ಲಕ್ಕಿಂತ ನಿಧಾನವಾಗಿ ನಾಶವಾಗುವುದು ಬೀಟಾ. ಗ್ಯಾಮಾ ಎದ್ದು ಕಂಡರೆ ಉಣ್ಣಿಗೆಂದು ಯಾರೋ ಹಳೆಯ ದಾಸ್ತಾನಿನ ಲಿಂಡೇನ್ ಪುಡಿ ತಿಕ್ಕಿರಬಹುದು. ಬಿಎಚ್‌ಸಿ ನಿಷೇಧವಾದದ್ದು 1997ರಲ್ಲಿ. ಆದರೂ ಅಟ್ಟದ ಮೇಲಿನ ಡಬ್ಬಿಗಳು ಎಲ್ಲ ಊರಲ್ಲೂ ಖಾಲಿಯಾಗಿವೆ ಎಂದು ನಂಬುವಂತಿಲ್ಲ.

ಪ್ರಶ್ನೆ: ಸ್ನಾತಕೋತ್ತರ ಪ್ರಬಂಧಕ್ಕೆ ಬೆಂಗಳೂರು ಸುತ್ತಲಿನ ಹಾಲಿನಲ್ಲಿ ದೀರ್ಘಕಾಲ ಉಳಿಯುವ ಮಾಲಿನ್ಯಕಾರಕಗಳನ್ನು ಅಧ್ಯಯನ ಮಾಡಬೇಕೆಂದಿದ್ದೇನೆ. ಅಂಗಡಿಗಳಿಂದ 100 ಪ್ಯಾಕೆಟ್ ತಂದು ಪರೀಕ್ಷಿಸಿದರೆ ಸಾಕೇ? — ವಿದ್ಯಾರ್ಥಿನಿ, ಹೆಬ್ಬಾಳ

ಸಾಲದು. ಪ್ಯಾಕೆಟ್ ಹಾಲು ಸಾವಿರಾರು ಹಸುಗಳ ಹಾಲಿನ ಮಿಶ್ರಣ. 5,000 ಲೀಟರಿನ ಟ್ಯಾಂಕಿಗೆ 10 ಲೀಟರ್ ಹಾಕಿದ ಒಂದು ಹಸುವಿನ ಶೇಷ 500 ಪಟ್ಟು ತೆಳುವಾಗುತ್ತದೆ. ನಗರದ ಗ್ರಾಹಕರ ಹೊಟ್ಟೆಗೆ ಸರಾಸರಿ ಎಷ್ಟು ಹೋಗುತ್ತಿದೆ ಎಂದು ತಿಳಿಯಲು ಪ್ಯಾಕೆಟ್ ಸರಿ. ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಕೊಟ್ಟಿಗೆಗೇ ಹೋಗಬೇಕು. ಎರಡು ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಎರಡನೆಯದನ್ನು ಆರಿಸಿ ಎಂಬುದು ನಮ್ಮ ಸಲಹೆ, ಬೇರೆಯವರಿಗೆ ಉಪಯೋಗವಾಗುವ ಉತ್ತರ ಅದರಿಂದಲೇ ಸಿಗುವುದು.

ಚರಂಡಿ ನೀರಿನಲ್ಲಿ ಮೇವು ಬೆಳೆಯುವ ಒಂದು ಪ್ರದೇಶ (ವೃಷಭಾವತಿ ಹರಿದು ಸೇರುವ ಬೈರಮಂಗಲದ ಕಡೆ ನೋಡಬಹುದು), ಕೈಗಾರಿಕೆ ಹತ್ತಿರದ ಒಂದು ಪ್ರದೇಶ, ಮಳೆಯಾಶ್ರಿತ ಮೇವನ್ನೇ ನೆಚ್ಚಿದ ಹೋಲಿಕೆಯ ಒಂದು ಪ್ರದೇಶ ಇರಲಿ. ಪ್ರತಿ ಹಸುವಿನ ಹಾಲಿನ ಜೊತೆಗೆ ಅದೇ ದಿನ ಅದು ತಿಂದ ಹಸಿರು ಮೇವು, ಹಿಂಡಿ, ಕುಡಿದ ನೀರು, ಮೇವಿನ ಹೊಲದ ಮಣ್ಣು ತನ್ನಿ. ಹೀಗೆ ಜೋಡಿಯಾಗಿ ತಂದ 30 ಹಾಲಿನ ಮಾದರಿಗಳಿಗೆ ಬಿಡಿಯಾಗಿ ತಂದ 100ಕ್ಕಿಂತ ಹೆಚ್ಚು ಬೆಲೆ. ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಮಾಡಿ. ಬೇಸಿಗೆಯಲ್ಲಿ ಹುಲ್ಲು ಗಿಡ್ಡವಾಗಿ ಹಸು ಮಣ್ಣನ್ನೂ ನೆಕ್ಕುತ್ತದೆ, ಹಳೆಯ ಶೇಷ ಹಸುವಿನೊಳಗೆ ಹೋಗುವ ದೊಡ್ಡ ದಾರಿ ಅದೇ.

ಪ್ರತಿ ಹಸುವಿಗೂ ಕರು ಹಾಕಿದ ದಿನಾಂಕ, ಎಷ್ಟನೇ ಸೂಲು, ದಿನದ ಹಾಲು, ಕೊಬ್ಬಿನ ಶೇಕಡಾವಾರು ಬರೆದುಕೊಳ್ಳಿ. ಇದನ್ನು ಬಿಟ್ಟವರ ಫಲಿತಾಂಶ ಅರ್ಥವಾಗದೆ ಕೂರುತ್ತದೆ. ಕಾರಣ ಹೀಗಿದೆ: ಕೊಬ್ಬಿನಲ್ಲಿ ಕೂಡಿಟ್ಟ ಶೇಷ ಹೊರಹೋಗಲು ಹಸುವಿಗೆ ಇರುವ ಮುಖ್ಯ ದಾರಿ ಹಾಲು. ಮೊದಲ ಸೂಲಿನ ಹಸು ಹುಟ್ಟಿದಾಗಿನಿಂದ ಕೂಡಿಟ್ಟದ್ದನ್ನು ಹೊರಹಾಕುತ್ತಿರುತ್ತದೆ. ಕರು ಹಾಕಿದ ಮೊದಲ ವಾರಗಳಲ್ಲಿ ತಿಂದದ್ದು ಸಾಲದೆ ಮೈಕೊಬ್ಬು ಕರಗುವುದರಿಂದ ಹಾಲಿನಲ್ಲಿ ಶೇಷ ಏರುತ್ತದೆ. ಈ ಹಸುವನ್ನು ಎಂಟು ತಿಂಗಳಿಂದ ಕರೆಯುತ್ತಿರುವ ಹಸುವಿನ ಜೊತೆ ಸೇರಿಸಿ ಸರಾಸರಿ ತೆಗೆದರೆ ಪ್ರದೇಶದ ವ್ಯತ್ಯಾಸ ಮುಚ್ಚಿಹೋಗುತ್ತದೆ. ಗಿಣ್ಣುಹಾಲನ್ನು ಪೂರ್ತಿ ಬಿಡಿ.

ಮಾದರಿ ತೆಗೆಯುವಾಗ ಬೆಳಗಿನ ಮತ್ತು ಸಂಜೆಯ ಕರಾವನ್ನು ಅವುಗಳ ಪ್ರಮಾಣಕ್ಕೆ ತಕ್ಕಂತೆ ಬೆರೆಸಿ. ಪೂರ್ತಿ ಕರೆದ ಮೇಲೆ, ಕ್ಯಾನಿನ ತಳದವರೆಗೆ ಕಲಸಿ ತೆಗೆಯಿರಿ. ಮೊದಲ ಹಾಲಿನಲ್ಲಿ ಕೊಬ್ಬು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು, ನಿಂತ ಹಾಲಿನಲ್ಲಿ ಕೊಬ್ಬು ಮೇಲೆ ತೇಲುತ್ತದೆ. ಮೇಲಿಂದ ಮೊಗೆದರೆ ಡಿಡಿಟಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಬಾಟಲಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಡಿಡಿಟಿ, ಪಿಸಿಬಿ ಗುಂಪಿಗೆ ಕಂದು ಬಣ್ಣದ ಗಾಜಿನ ಬಾಟಲಿ ಬೇಕು: ಅಸಿಟೋನ್, ಹೆಕ್ಸೇನ್‌ಗಳಲ್ಲಿ ತೊಳೆದದ್ದು, ಮುಚ್ಚಳಕ್ಕೆ ಟೆಫ್ಲಾನ್ ಪದರವಿದ್ದರೆ ಒಳ್ಳೆಯದು. ಪಿಎಫ್‌ಎಎಸ್‌ಗೆ ಇದು ತಿರುಗುಮುರುಗು. ಟೆಫ್ಲಾನ್ ಎಲ್ಲೂ ತಾಗಬಾರದು, ಈ ವಸ್ತು ಗಾಜಿಗೂ ಅಂಟಿಕೊಳ್ಳುವುದರಿಂದ ಪಾಲಿಪ್ರೊಪಿಲೀನ್ ಬಾಟಲಿ ಬೇಕು. ಸೀಸದಂಥ ಲೋಹದ ಪರೀಕ್ಷೆಗೆ ನೈಟ್ರಿಕ್ ಆಮ್ಲದಲ್ಲಿ ನೆನೆಸಿ ತೊಳೆದ ಪ್ಲಾಸ್ಟಿಕ್. ಒಂದೇ ಬಾಟಲಿಯಲ್ಲಿ ಮೂರಕ್ಕೂ ಒಯ್ದರೆ ಮೂರೂ ಕೆಡುತ್ತವೆ. ಪ್ರತಿ ಸುತ್ತಿನಲ್ಲೂ ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನು ಕೊಟ್ಟಿಗೆಯಲ್ಲೇ ತೆರೆದು ಮುಚ್ಚಿ ತನ್ನಿ. ಅದರಲ್ಲೂ ರಾಸಾಯನಿಕ ಕಂಡರೆ ಅದು ನಿಮ್ಮ ಕೈಯಿಂದಲೋ ಪಾತ್ರೆಯಿಂದಲೋ ಬಂದದ್ದು. 4 ಡಿಗ್ರಿಯಲ್ಲಿ 24 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಿ. ತಡವಾಗುವುದಾದರೆ ಬಾಟಲಿಯ ಮೇಲ್ಭಾಗ ಖಾಲಿ ಬಿಟ್ಟು ಮೈನಸ್ 20ರಲ್ಲಿಡಿ. ಹೆಪ್ಪುಗಟ್ಟಿದ ಹಾಲನ್ನು ತೂಗುವ ಮುನ್ನ 38–40 ಡಿಗ್ರಿಗೆ ಬೆಚ್ಚಗೆ ಮಾಡಿ ನಿಧಾನಕ್ಕೆ ಬೆರೆಸಬೇಕು, ಇಲ್ಲವಾದರೆ ಕೊಬ್ಬು ಬಾಟಲಿಯ ಗೋಡೆಗೇ ಅಂಟಿರುತ್ತದೆ.

ಇನ್ನು ಸಾರ ತೆಗೆಯುವ ಕ್ರಮ. ಹೆಚ್ಚಿನ ಪ್ರಯೋಗಾಲಯಗಳಲ್ಲಿ ಈಗ ಕ್ವೆಚರ್ಸ್ ವಿಧಾನವಿದೆ: 10 ಗ್ರಾಂ ಹಾಲಿಗೆ 10 ಮಿ.ಲೀ. ಅಸಿಟೋನೈಟ್ರೈಲ್, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು ಹಾಕಿ ಒಂದು ನಿಮಿಷ ಜೋರಾಗಿ ಕುಲುಕಿ ಸೆಂಟ್ರಿಫ್ಯೂಜ್ ಮಾಡುವುದು. ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಅಸಿಟೋನೈಟ್ರೈಲ್‌ನಲ್ಲಿ ಕೊಬ್ಬು ಸರಿಯಾಗಿ ಕರಗದು. ಡಿಡಿಇ, ಹೆಕ್ಸಾಕ್ಲೋರೋಬೆಂಜೀನ್‌ನಂಥವು ಕೊಬ್ಬಿನಲ್ಲೇ ಉಳಿದು ಫಲಿತಾಂಶ ತಗ್ಗುತ್ತದೆ. ಕೆನೆ, ಬೆಣ್ಣೆ, ತುಪ್ಪದಲ್ಲಂತೂ ಈ ವಿಧಾನವನ್ನು ನೆಚ್ಚಬೇಡಿ. ಹೆಕ್ಸೇನ್‌ನಲ್ಲಿ ಕೊಬ್ಬನ್ನು ಪೂರ್ತಿ ತೆಗೆದು, ಆಮೇಲೆ ಶುದ್ಧೀಕರಿಸುವ ಹಳೆಯ ಮಾರ್ಗವೇ ಮೇಲು. ಅಲ್ಲೂ ಒಂದು ಅಪಾಯವಿದೆ: ಸಾಂದ್ರ ಗಂಧಕಾಮ್ಲದಿಂದ ಶುದ್ಧೀಕರಿಸಿದರೆ ಡಿಡಿಟಿ, ಪಿಸಿಬಿ ಉಳಿಯುತ್ತವೆ, ಡೀಲ್ಡ್ರಿನ್ ಮತ್ತು ಎಂಡೋಸಲ್ಫಾನ್ ಎಂಬ ಕೀಟನಾಶಕಗಳು ನಾಶವಾಗುತ್ತವೆ. ಆಮೇಲೆ ‘ಎಂಡೋಸಲ್ಫಾನ್ ಪತ್ತೆಯಾಗಿಲ್ಲ’ ಎಂದು ಬರೆದರೆ ಅದು ಸುಳ್ಳು ವರದಿ. ಅವು ಬೇಕಿದ್ದರೆ ಶುದ್ಧೀಕರಿಸಲು ಫ್ಲೋರಿಸಿಲ್ ಪುಡಿ ತುಂಬಿದ ಕಾಲಂ ಬಳಸಿ.

ಒಟ್ಟಿಗೆ ಪರೀಕ್ಷಿಸುವ ಮಾದರಿಗಳ ಪ್ರತಿ ತಂಡದಲ್ಲೂ ಗೊತ್ತಿರುವಷ್ಟು ಪ್ರಮಾಣ ಸೇರಿಸಿದ ಹಾಲನ್ನು ಜೊತೆಗೇ ಓಡಿಸಿ. ಹಾಕಿದ್ದರಲ್ಲಿ ಶೇ. 70ರಿಂದ 120 ಮರಳಿ ಸಿಗಬೇಕು. ಕೀಟನಾಶಕ ಗುರುತಿಸುವ ಇಸಿಡಿ ಡಿಟೆಕ್ಟರಿನ ಗ್ರಾಫಿನಲ್ಲಿ ಒಂದು ಶಿಖರವನ್ನಷ್ಟೇ ನೋಡಿ ಹೆಸರಿಡಬೇಡಿ. ಪ್ಲಾಸ್ಟಿಕ್‌ನಿಂದ ಬರುವ ಥ್ಯಾಲೇಟ್ ಕೂಡ ಅಲ್ಲಿ ಕೀಟನಾಶಕದಂತೆ ಕಾಣಬಲ್ಲದು, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ‘ಪತ್ತೆಯಾಗಿಲ್ಲ’ ಎಂದರೆ ಸೊನ್ನೆಯಲ್ಲ. ಅಳೆಯಬಲ್ಲ ಕನಿಷ್ಠ ಪ್ರಮಾಣವನ್ನು ಪಕ್ಕದಲ್ಲೇ ಬರೆಯಿರಿ. ಸರಾಸರಿಯನ್ನು ಎರಡು ಸಲ ಲೆಕ್ಕ ಹಾಕಿ: ಪತ್ತೆಯಾಗದ್ದನ್ನು ಸೊನ್ನೆ ಎಂದುಕೊಂಡು ಒಮ್ಮೆ, ಆ ಕನಿಷ್ಠ ಪ್ರಮಾಣ ಎಂದುಕೊಂಡು ಇನ್ನೊಮ್ಮೆ. ಎರಡರ ನಡುವೆ ಬಹಳ ಅಂತರವಿದ್ದರೆ ವಿಧಾನವೇ ಸಾಕಷ್ಟು ಸೂಕ್ಷ್ಮವಿಲ್ಲ ಎಂದರ್ಥ.

ಡಯಾಕ್ಸಿನ್ ಕೈಗೆತ್ತಿಕೊಳ್ಳಬೇಡಿ. ಒಂದು ಗ್ರಾಂ ಕೊಬ್ಬಿನಲ್ಲಿ ಪಿಕೋಗ್ರಾಂ ಲೆಕ್ಕದಲ್ಲಿ ಅಳೆಯಬೇಕು, ವಿದ್ಯಾರ್ಥಿಯ ಅನುದಾನ ಒಂದೆರಡು ಮಾದರಿಗೇ ಮುಗಿಯುತ್ತದೆ. ಮೇವಿನ ಭಾಗಕ್ಕೆ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯ ತಜ್ಞರನ್ನು, ಹಾಲಿನ ಭಾಗಕ್ಕೆ ಅಲ್ಲೇ ಇರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವನ್ನು ಮಾದರಿ ತರುವ ಮೊದಲೇ ಭೇಟಿ ಮಾಡಿ.

ಪ್ರಶ್ನೆ: ಕೆರೆಯ ಅಂಚಿನ ಹುಲ್ಲು ಕೊಯ್ದು ಹಾಕುತ್ತೇವೆ. ಹಸುಗಳಿಗೆ ಏನೂ ಆಗಿಲ್ಲ. ಹಾಲಿಗೆ ತೊಂದರೆಯೇ? — ಹೈನುಗಾರ, ವರ್ತೂರು ಕಡೆ

ಹಸು ಚೆನ್ನಾಗಿದೆ ಎಂದ ಮಾತ್ರಕ್ಕೆ ಹಾಲು ಚೆನ್ನಾಗಿದೆ ಎಂದಲ್ಲ. ಈ ಪ್ರಮಾಣಗಳಲ್ಲಿ ಹಸು ಕಾಯಿಲೆ ಬೀಳುವುದಿಲ್ಲ.

ಚರಂಡಿ ನೀರು ಸೇರುವ ಕೆರೆಯ ಹುಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಸೀಸ ಮತ್ತು ಕ್ಯಾಡ್ಮಿಯಂ. ಕ್ಯಾಡ್ಮಿಯಂ ಹುಲ್ಲಿನೊಳಗೆ ಸುಲಭವಾಗಿ ಏರುತ್ತದೆ, ಆದರೆ ಹಾಲಿಗೆ ಅತ್ಯಲ್ಪ ಬರುತ್ತದೆ, ಮೂತ್ರಪಿಂಡ, ಪಿತ್ತಜನಕಾಂಗದಲ್ಲಿ ಕೂರುತ್ತದೆ. ಸೀಸ ಎಲೆಯ ಒಳಗಿಗಿಂತ ಎಲೆಗೆ ಅಂಟಿದ ಕೆಸರಿನಲ್ಲೇ ಹೆಚ್ಚು. ಹಸುವಿನ ಮೂಳೆ ಸೇರಿ, ಹಾಲಿಗಾಗಿ ಸುಣ್ಣದಂಶ ಕರಗುವಾಗ ಅದರ ಜೊತೆ ಹೊರಬರುತ್ತದೆ. ಹಾಲಿನಲ್ಲಿ ಸೀಸದ ಮಿತಿ ಕಿಲೋಗೆ 0.02 ಮಿ.ಗ್ರಾಂ. ಹಾಗಾಗಿ ನೆಲಮಟ್ಟಕ್ಕೆ ಕೊಯ್ಯಬೇಡಿ, 10–15 ಸೆಂ.ಮೀ. ಬಿಟ್ಟು ಕೊಯ್ಯಿರಿ, ಕೆಸರು ಹತ್ತಿದ್ದನ್ನು ಬೋರ್‌ವೆಲ್ ನೀರಿನಲ್ಲಿ ಜಾಲಾಡಿಸಿ. ಕೆರೆ ನೀರು ಇಳಿದ ಬೇಸಿಗೆಯಲ್ಲಿ ಹೂಳಿನ ಮೇಲೆ ಬೆಳೆದ ಹುಲ್ಲನ್ನು ಕರೆಯುವ ಹಸುವಿಗೆ ಹಾಕಲೇಬೇಡಿ. ದಿನದ ಮೇವಿನಲ್ಲಿ ಅರ್ಧಕ್ಕಾದರೂ ರಾಗಿ ಹುಲ್ಲು, ಜೋಳದ ಮೇವು ಸೇರಿಸಿ.

ಕೊಟ್ಟಿಗೆಯ ಹತ್ತಿರ ಕಸ, ಅದರಲ್ಲೂ ವೈರಿನ ಮೇಲಿನ ಪ್ಲಾಸ್ಟಿಕ್ ಸುಡುವುದನ್ನು ಇವತ್ತೇ ನಿಲ್ಲಿಸಿ. ಡಯಾಕ್ಸಿನ್ ಹುಟ್ಟುವುದು ಹೀಗೆ ಹೊಗೆಯಾಡುತ್ತಾ ಅರೆಬರೆ ಸುಡುವ ಬೆಂಕಿಯಲ್ಲಿ. ಅದು ಹುಲ್ಲಿನ ಮೇಲೆ ಕೂತು ಹಾಲಿನ ಕೊಬ್ಬು ಸೇರುತ್ತದೆ. ಆ ಬೂದಿಯನ್ನು ಮೇವಿನ ಮಡಿಗೆ ಗೊಬ್ಬರವಾಗಿ ಹಾಕಬೇಡಿ. ಒಡೆದ ಹಳೆಯ ಬ್ಯಾಟರಿ ಹಸುವಿನ ಬಾಯಿಗೆ ಸಿಗುವಲ್ಲಿ ಇರಬಾರದು. ಸೀಸದಿಂದ ಹಸು ಸತ್ತೇ ಹೋಗಬಹುದಾದ ಸಂದರ್ಭ ಅದೊಂದು.

ಪ್ರಶ್ನೆ: ಅಮೆರಿಕದಲ್ಲಿ ಪಿಎಫ್‌ಎಎಸ್‌ನಿಂದ ಡೇರಿಗಳೇ ಮುಚ್ಚಿದವಂತೆ. ನಮ್ಮಲ್ಲೂ ಹಾಗಾಗಬಹುದೇ? — ಓದುಗರು, ಪೀಣ್ಯ

ಅಲ್ಲಿ ಎರಡು ದಾರಿಯಲ್ಲಿ ಬಂತು. ಮೇನ್ ರಾಜ್ಯದಲ್ಲಿ ಹಿಂದೆ ಹೊಲಗಳಿಗೆ ಗೊಬ್ಬರವೆಂದು ಹಾಕಿದ ಕೊಳಚೆ ಸಂಸ್ಕರಣಾ ಕೆಸರಿನಿಂದ. ನ್ಯೂ ಮೆಕ್ಸಿಕೋದ ಕ್ಲೋವಿಸ್‌ನಲ್ಲಿ ವಾಯುನೆಲೆಯ ಅಗ್ನಿಶಾಮಕ ನೊರೆ ಅಂತರ್ಜಲಕ್ಕಿಳಿದು, ಆ ನೀರು ಕುಡಿದ ಹಸುಗಳಿಂದ. ಮೇನ್ ರಾಜ್ಯ ಹಾಲಿನಲ್ಲಿ ಈ ಗುಂಪಿಗೇ ಸೇರಿದ ಪಿಎಫ್‌ಒಎಸ್‌ಗೆ ಲೀಟರಿಗೆ 210 ನ್ಯಾನೋಗ್ರಾಂ ಎಂಬ ಕ್ರಮಕೈಗೊಳ್ಳುವ ಮಟ್ಟ ಇಟ್ಟಿತು. ಐರೋಪ್ಯ ಒಕ್ಕೂಟ 2022ರಲ್ಲಿ ಸೂಚಿಸಿದ ಮಟ್ಟ ಕಿಲೋ ಹಾಲಿಗೆ 0.020 ಮೈಕ್ರೋಗ್ರಾಂ, ಅಂದರೆ 20 ನ್ಯಾನೋಗ್ರಾಂ. ಇದು ಮೀರಿದರೆ ಮೂಲ ಹುಡುಕಬೇಕು ಎಂಬ ಎಚ್ಚರಿಕೆಯ ಗೆರೆಯೇ ಹೊರತು ಮಾರಾಟದ ಮಿತಿಯಲ್ಲ.

ಬೆಂಗಳೂರಿನಲ್ಲಿ ಹುಡುಕುವವರು ಇದೇ ದಾರಿಗಳನ್ನು ನೋಡಬೇಕು: ಅಪಾರ್ಟ್‌ಮೆಂಟ್ ಮತ್ತು ಬಡಾವಣೆಗಳ ಎಸ್‌ಟಿಪಿ (ಕೊಳಚೆ ಸಂಸ್ಕರಣಾ ಘಟಕ) ಕೆಸರು ಹೋಗುವ ಹೊಲಗಳು, ನೊರೆ ಬಳಸಿ ಬೆಂಕಿ ಆರಿಸುವ ಅಭ್ಯಾಸ ನಡೆಯುವ ಜಾಗಗಳ ಸುತ್ತಲಿನ ಬೋರ್‌ವೆಲ್, ಕ್ರೋಮ್ ಲೇಪನ ಘಟಕಗಳ ಹತ್ತಿರದ ನೀರು. ಕ್ರೋಮ್ ತೊಟ್ಟಿಯ ಆವಿ ತಡೆಯಲು ಜಗತ್ತಿನ ಹಲವೆಡೆ ಪಿಎಫ್‌ಒಎಸ್ ಬಳಸಿದ್ದಾರೆ. ಕರೆಯುವ ಹಸು ದಿನಕ್ಕೆ 60–80 ಲೀಟರ್ ನೀರು ಕುಡಿಯುವುದರಿಂದ ಮೊದಲು ಪರೀಕ್ಷಿಸಬೇಕಾದದ್ದು ನೀರನ್ನೇ. ಹಾಲಿನ ಪರೀಕ್ಷೆಗಿಂತ ಅದು ಸರಳವೂ ಹೌದು. ನೀವು ಮೇವು ಬೆಳೆಯುವವರಾದರೆ ಎಲ್ಲಿಂದ ಬಂತೆಂದು ಗೊತ್ತಿಲ್ಲದ ಎಸ್‌ಟಿಪಿ ಕೆಸರನ್ನು ಪುಕ್ಕಟೆ ಸಿಕ್ಕಿದರೂ ಹಾಕಿಸಿಕೊಳ್ಳಬೇಡಿ. ಒಮ್ಮೆ ಮಣ್ಣು ಸೇರಿದ್ದನ್ನು ತೆಗೆಯುವ ಅಗ್ಗದ ಮಾರ್ಗ ಯಾರ ಬಳಿಯೂ ಇಲ್ಲ.

ಪ್ರಶ್ನೆ: ಮನೆಯಲ್ಲೇ ಹಾಲಿಗೆ ಪರೀಕ್ಷಾ ಪಟ್ಟಿ ಅದ್ದಿ ಇವನ್ನೆಲ್ಲ ಪತ್ತೆ ಮಾಡಬಹುದೇ? ಸಾವಯವ ಹಾಲು ಕೊಂಡರೆ ಚಿಂತೆಯಿಲ್ಲವೇ? — ಓದುಗರು, ಜಯನಗರ

ಅಫ್ಲಾಟಾಕ್ಸಿನ್ ಎಂ1 ಮತ್ತು ಆ್ಯಂಟಿಬಯಾಟಿಕ್‌ಗೆ ಪಟ್ಟಿ ಇದೆ, ಡೇರಿಗಳು ಬಳಸುತ್ತವೆ. ಡಿಡಿಟಿ, ಪಿಸಿಬಿ, ಪಿಎಫ್‌ಎಎಸ್‌ಗೆ ಮನೆಯಲ್ಲಿ ನೆಚ್ಚಬಹುದಾದ ಪಟ್ಟಿ ಇಲ್ಲ, ಎನ್‌ಎಬಿಎಲ್ (ರಾಷ್ಟ್ರೀಯ ಪ್ರಯೋಗಾಲಯ ಮಾನ್ಯತಾ ಮಂಡಳಿ) ಮಾನ್ಯತೆಯ ಪ್ರಯೋಗಾಲಯವೇ ಬೇಕು. ಮಾನ್ಯತೆ ಆ ನಿರ್ದಿಷ್ಟ ಪರೀಕ್ಷೆಗೆ, ಹಾಲು ಎಂಬ ಪದಾರ್ಥಕ್ಕೆ ಇದೆಯೇ ಎಂದು ಕೇಳಿ. ಸಾವಯವ ಎಂದರೆ ಈಗ ಸಿಂಪಡಿಸುತ್ತಿಲ್ಲ ಎಂದು. ಹಿಂದಿನವರು ಸಿಂಪಡಿಸಿದ್ದು ಮಣ್ಣಿನಲ್ಲಿರಬಹುದು. ನಾಟಿ ಹಸುವಿನ ಹಾಲಿಗೂ ಇದೇ ಮಾತು.

ಪ್ರಶ್ನೆ: ನಮ್ಮ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಹೆಚ್ಚಿದೆ ಎಂದು ತಿಳಿಯಿತು. ಮೇವು ಬದಲಿಸಿದರೆ ಎಷ್ಟು ದಿನಕ್ಕೆ ಸರಿಹೋಗುತ್ತದೆ? ಡಿಡಿಟಿಗೂ ಅಷ್ಟೇ ದಿನವೇ? — ಹೈನುಗಾರ್ತಿ, ಆನೇಕಲ್

ಅಫ್ಲಾಟಾಕ್ಸಿನ್ ಬೇಗ ಇಳಿಯುತ್ತದೆ. ಬೂಷ್ಟಿನ ಹಿಂಡಿ ತಿಂದ 12–24 ಗಂಟೆಯಲ್ಲಿ ಹಾಲಿಗೆ ಬರುತ್ತದೆ, ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಬಹುತೇಕ ಹೋಗುತ್ತದೆ. 2018ರ ಎಫ್‌ಎಸ್‌ಎಸ್‌ಎಐ ರಾಷ್ಟ್ರೀಯ ಸಮೀಕ್ಷೆಯಲ್ಲಿ 6,432 ಮಾದರಿಗಳಲ್ಲಿ ಶೇ. 5.7 ಈ ಕಾರಣಕ್ಕೇ ಮಿತಿ ಮೀರಿದ್ದವು, ಕಲಬೆರಕೆಯಾಗಿದ್ದವು 12 ಮಾತ್ರ.

ಲೆಕ್ಕ ನೋಡಿ. ಹಿಂಡಿಯ ಅಫ್ಲಾಟಾಕ್ಸಿನ್ ಬಿ1ರಲ್ಲಿ ಸುಮಾರು ಶೇ. 1–6 ಹಾಲಿಗೆ ಎಂ1 ಆಗಿ ಬರುತ್ತದೆ, ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಹೆಚ್ಚು. ಕಿಲೋಗೆ 200 ಮೈಕ್ರೋಗ್ರಾಂ ಇರುವ ಕಡಲೆಕಾಯಿ ಹಿಂಡಿಯನ್ನು ದಿನಕ್ಕೆ 2 ಕಿಲೋ ಹಾಕಿದರೆ 400 ಮೈಕ್ರೋಗ್ರಾಂ. ಶೇ. 2 ಎಂದರೆ 8. ಹತ್ತು ಲೀಟರಿಗೆ ಹಂಚಿದರೆ ಲೀಟರಿಗೆ 0.8. ನಮ್ಮ ಮಿತಿ 0.5. ಅದೇ ಹಸುವಿಗೆ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಮಿತಿಯಾದ ಕಿಲೋಗೆ 20 ಮೈಕ್ರೋಗ್ರಾಂ ಒಳಗಿನ ಪಶು ಆಹಾರ 5 ಕಿಲೋ ಹಾಕಿದರೂ 0.2 ದಾಟುವುದಿಲ್ಲ. ಹಿಂಡಿಯನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ, ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ತನ್ನಿ. ಟಾಕ್ಸಿನ್ ಬೈಂಡರ್ ಎಂದು ಮಾರುವ ಜೇಡಿ ಪುಡಿ ಅಫ್ಲಾಟಾಕ್ಸಿನ್‌ಗೆ ನೆರವಾಗುತ್ತದೆ, ಡಿಡಿಟಿಗಲ್ಲ. ಅದನ್ನೂ ಪರೀಕ್ಷಾ ವರದಿ ಕೇಳಿ ಕೊಳ್ಳಿ, ಕೆಲವು ಬಗೆಯ ಜೇಡಿಯಲ್ಲೇ ಡಯಾಕ್ಸಿನ್ ಸಿಕ್ಕ ಪ್ರಸಂಗಗಳು ಅಮೆರಿಕ, ನೆದರ್ಲೆಂಡ್ಸ್‌ಗಳಲ್ಲಿ ನಡೆದಿವೆ. 1998ರಲ್ಲಿ ಜರ್ಮನಿಯ ಹಾಲಿನಲ್ಲಿ ಡಯಾಕ್ಸಿನ್ ಏರಿದ್ದಕ್ಕೆ ಕಾರಣ ಬ್ರೆಜಿಲ್‌ನಿಂದ ಬಂದ ಕಿತ್ತಳೆ ಸಿಪ್ಪೆಯ ಪಶು ಆಹಾರ, ಅದಕ್ಕೆ ಬೆರೆಸಿದ್ದ ಸುಣ್ಣ.

ಡಿಡಿಟಿ, ಪಿಸಿಬಿ ಹಾಗಲ್ಲ. ಮೂಲ ನಿಲ್ಲಿಸಿದ ಮೇಲೂ ಮೈಕೊಬ್ಬಿನಿಂದ ನಿಧಾನವಾಗಿ ಬರುತ್ತಲೇ ಇರುತ್ತವೆ, ಇಳಿಕೆ ವಾರಗಳ, ತಿಂಗಳುಗಳ ಲೆಕ್ಕ. ಮೇವು ಬದಲಿಸಿ ನಾಲ್ಕು ದಿನಕ್ಕೆ ಪರೀಕ್ಷಿಸಿ ‘ಪ್ರಯೋಜನವಿಲ್ಲ’ ಎಂದು ಮತ್ತೆ ಹಳೆಯ ಮೇವಿಗೆ ಹೋಗಬೇಡಿ. ಅಫ್ಲಾಟಾಕ್ಸಿನ್‌ಗೆ ಐದನೇ ದಿನ, ಡಿಡಿಟಿಗೆ ಎರಡು ತಿಂಗಳ ನಂತರ ಮಾದರಿ ಕಳಿಸಿ: ಅದೇ ಹಸುಗಳ ಹಾಲು, ಎರಡೂ ಹೊತ್ತಿನ ಕರಾವು ಬೆರೆಸಿ, ಅದೇ ಪ್ರಯೋಗಾಲಯಕ್ಕೆ, ಕೊಬ್ಬಿನ ಶೇಕಡಾವಾರು ಸಮೇತ.